ಕಲ್ಲಿನಂಥ ಈ ವೀರರಲ್ಲಿ ದುಃಖ ಎಲ್ಲಿದೆ?

ಪ್ರಾಚೀನ ಗ್ರೀಕ್-ರೋಮನ್ ಕಲೆಯನ್ನು ಮಾದರಿಯಾಗಿಟ್ಟುಕೊಂಡ ಯುರೋಪಿನ ನಿಯೋಕ್ಲಾಸಿಕಲ್ ಚಿತ್ರಗಳ ಮಾತು ಬಂದಾಗಲೆಲ್ಲ ಗೆಳೆಯರು ಕೇಳುವುದು ಇದನ್ನೇ: "ಎಲ್ಲರೂ ಅಮೃತಶಿಲೆಯ ಮೂರ್ತಿಗಳ ಹಾಗಿದ್ದಾರೆ. ದುಃಖ ಎಲ್ಲಿದೆ?"

ಇದೆ. ಮುಖ ಬಿಟ್ಟು ಮೈಯನ್ನು ನೋಡಿ.

ಈ ಚಿತ್ರಕಾರರು ಮತ್ತೆ ಮತ್ತೆ ಎತ್ತಿಕೊಂಡ ಒಂದು ಕಥೆ ನೋಡಿ. ಟ್ರಾಯ್ ಯುದ್ಧದಲ್ಲಿ ಗ್ರೀಕ್ ವೀರ ಅಕಿಲೀಸ್ ಮುನಿಸಿಕೊಂಡು ಯುದ್ಧ ಬಿಟ್ಟು ಕೂತಿದ್ದಾಗ, ಅವನ ಕವಚ ತೊಟ್ಟು ರಣಕ್ಕೆ ಹೋದ ಗೆಳೆಯ ಪ್ಯಾಟ್ರೋಕ್ಲಸ್ ಟ್ರಾಯ್‌ನ ರಾಜಕುಮಾರ ಹೆಕ್ಟರನ ಕೈಯಲ್ಲಿ ಸತ್ತ. ಹೋಮರನ ಮಹಾಕಾವ್ಯ ಇಲಿಯಡ್‌ನಲ್ಲಿ ಈ ಸುದ್ದಿ ಕೇಳಿದ ಅಕಿಲೀಸ್ ತಲೆಯ ಮೇಲೆ ಬೂದಿ ಸುರಿದುಕೊಂಡು, ಕೂದಲು ಕಿತ್ತುಕೊಂಡು, ನೆಲದ ಮೇಲೆ ಬಿದ್ದು ಗೋಳಾಡುತ್ತಾನೆ. ಎಲ್ಲಿ ಕತ್ತು ಕೊಯ್ದುಕೊಂಡುಬಿಡುತ್ತಾನೋ ಎಂದು ಸುದ್ದಿ ತಂದ ಆಂಟಿಲೋಕಸ್ ಅವನ ಕೈಗಳನ್ನು ಹಿಡಿದುಕೊಳ್ಳುತ್ತಾನೆ. ವೀರ ಅಳಬಾರದು ಎಂಬ ಕಟ್ಟಳೆ ಅಲ್ಲಿ ಇರಲೇ ಇಲ್ಲ.

ಆದರೆ ಕಾವ್ಯಕ್ಕೆ ಸಲ್ಲುವುದೆಲ್ಲ ಚಿತ್ರಕ್ಕೆ ಸಲ್ಲದು ಎಂದು 1766ರಲ್ಲಿ ಜರ್ಮನ್ ಲೇಖಕ ಲೆಸಿಂಗ್ ವಾದಿಸಿದ. ಕಿರುಚುವ ಬಾಯಿ ಕವಿತೆಯಲ್ಲಿ ಕ್ಷಣದಲ್ಲಿ ದಾಟಿಹೋಗುತ್ತದೆ. ಚಿತ್ರದಲ್ಲಿ ಅದು ಮಚ್ಚೆಯಾಗಿ, ಶಿಲ್ಪದಲ್ಲಿ ಕುಳಿಯಾಗಿ ಉಳಿದುಬಿಡುತ್ತದೆ. ಪ್ರಾಚೀನ ಗ್ರೀಕ್ ಚಿತ್ರಕಾರ ಟಿಮಾಂಥೀಸ್, ಮಗಳ ಬಲಿಯ ಹೊತ್ತಿನಲ್ಲಿ ಗ್ರೀಕ್ ರಾಜ ಅಗಮೆಮ್ನಾನನ ದುಃಖದ ಮುಖಕ್ಕೆ ಮುಸುಕು ಹಾಕಿದ್ದನಂತೆ.

ಫ್ರೆಂಚ್ ಚಿತ್ರಕಾರ ಡೇವಿಡ್ 1780ರಲ್ಲಿ ಬರೆದ 'ಪ್ಯಾಟ್ರೋಕ್ಲಸ್' ನೋಡುವಾಗ ನನಗೆ ಆ ಮುಸುಕೇ ನೆನಪಾಗುತ್ತದೆ. ಈಗ ಫ್ರಾನ್ಸಿನ ಶೆರ್ಬೂರ್ಗ್‌ನಲ್ಲಿರುವ ಇದು, ರೋಮಿನಲ್ಲಿ ಕಲಿಯುತ್ತಿದ್ದಾಗ ಅಭ್ಯಾಸಕ್ಕೆಂದು ಬರೆದ ನಗ್ನಚಿತ್ರ. ಕತ್ತಲೆಯ ಹಿನ್ನೆಲೆ, ಕೆಂಪು ಬಟ್ಟೆ, ನಮಗೆ ಬೆನ್ನು ಹಾಕಿ ನೆಲದ ಮೇಲೆ ಕೂತ ಗಂಡಸು. ಮುಖ ಕಾಣುವುದಿಲ್ಲ. ಆ ಬೆನ್ನಿನ ಬಿಗಿತ ಮಾತ್ರ ಕಣ್ಣಿಗೆ ಕಟ್ಟುತ್ತದೆ. ಹೆಸರು ಗೊತ್ತಿದ್ದರೆ, ಇವನು ಬದುಕುವುದಿಲ್ಲ ಎಂಬುದೂ ಗೊತ್ತು.

ಸ್ಕಾಟ್ಲೆಂಡಿನ ಗ್ಯಾವಿನ್ ಹ್ಯಾಮಿಲ್ಟನ್ 1760–63ರಲ್ಲಿ ರೋಮಿನಲ್ಲಿದ್ದುಕೊಂಡು ಬರೆದ, ಪ್ಯಾಟ್ರೋಕ್ಲಸನ ಸಾವಿಗೆ ಅಕಿಲೀಸ್ ಗೋಳಿಡುವ ಚಿತ್ರ ಎಡಿನ್‌ಬರೋದಲ್ಲಿದೆ. ಪ್ಯಾಟ್ರೋಕ್ಲಸನ ಮೈ ಬಿಳಿಚಿ ಹೋಗಿದೆ; ಅಕಿಲೀಸ್ ಅದನ್ನು ಬಿಟ್ಟುಕೊಡುವುದಿಲ್ಲ, ಸಂತೈಸಲು ಬಂದವರನ್ನು ಹತ್ತಿರ ಸೇರಿಸುವುದೂ ಇಲ್ಲ.

ಇಷ್ಟೂ ಸಾಲದು ಅನ್ನುವವರು ಸ್ವಿಸ್ ಮೂಲದ ಚಿತ್ರಕಾರ ಫ್ಯೂಸ್ಲಿಯ ಸುಮಾರು 1803ರ ಚಿತ್ರ ನೋಡಲಿ. ಕನಸಿಗೆ ಬಂದ ಗೆಳೆಯನ ನೆರಳನ್ನು ಅಪ್ಪಲು ಅಕಿಲೀಸ್ ಕೈಚಾಚಿದ್ದಾನೆ, ಸಂಯಮವೆಲ್ಲ ಒಡೆದುಹೋಗಿದೆ. ಆದರೂ ನನ್ನ ಮನಸ್ಸು ಹ್ಯಾಮಿಲ್ಟನ್ ಕಡೆಗೇ. ಸಾವಿನ ಮನೆಯಲ್ಲಿ ಜನ ನೆರೆಯುವುದನ್ನೂ, ಆ ಜನರೇ ದುಃಖದಲ್ಲಿರುವವನಿಗೆ ಬೇಡವಾಗುವುದನ್ನೂ ಅವನು ಒಟ್ಟಿಗೆ ಕಂಡಿದ್ದಾನೆ.