ಮೇಡಂ ಅವರ ಎಚ್ ಇಂಡೆಕ್ಸ್ ಎಷ್ಟು, ಶೆಟ್ರೇ?

ಮುಂಬೈಯಲ್ಲಿ ಹೆಸರು ಹೇಳಿದ ತಕ್ಷಣ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಹೋಟೆಲ್ ಎಲ್ಲಿ? ಶೆಟ್ಟಿ ಅಂದ ಮೇಲೆ ಒಂದು ಹೋಟೆಲಾದರೂ ಇರಬೇಡವೇ! ದೊಡ್ಡಪ್ಪನಿಗೆ ಮಾಟುಂಗದಲ್ಲಿ ಇತ್ತು, ನಿಜ. ನಾನು ಮಾತ್ರ ಲೈಬ್ರರಿ ಸೇರಿಕೊಂಡೆ. ಜೀವವಿಜ್ಞಾನದ ಒಂದು ಸಂಶೋಧನಾ ಸಂಸ್ಥೆಯ ಲೈಬ್ರರಿ. ಇಲ್ಲಿಗೆ ಈಗ ಪುಸ್ತಕ ಕೇಳಿಕೊಂಡು ಬರುವವರು ಕಡಿಮೆ. ಲೆಕ್ಕ ಕೇಳಿಕೊಂಡು ಬರುವವರೇ ಜಾಸ್ತಿ. ನನ್ನ ಸೈಟೇಷನ್, ಅಂದರೆ ನನ್ನ ಪೇಪರುಗಳನ್ನು ಬೇರೆಯವರು ಉಲ್ಲೇಖಿಸಿದ್ದು, ಎಷ್ಟಾಯ್ತು, ಅದರಿಂದ ಲೆಕ್ಕ ಹಾಕುವ ಎಚ್ ಇಂಡೆಕ್ಸ್ ಎಷ್ಟು, ಸೀಲು ಹಾಕಿ ಒಂದು ಸರ್ಟಿಫಿಕೇಟ್ ಕೊಡಿ. ಪ್ರಮೋಷನ್ ಸುತ್ತೋಲೆ ಬಂತು ಅಂದರೆ ನನ್ನ ಟೇಬಲ್ ಮುಂದೆ ರೇಷನ್ ಅಂಗಡಿಯ ಹಾಗೆ ಕ್ಯೂ.

ಈ ಸಲ ಬಂದ ಫೈಲುಗಳಲ್ಲಿ ಒಂದು ಜೆನೆಟಿಕ್ಸ್ ವಿಭಾಗದ ಮೇಡಂ ಅವರದು. ದಾವಣಗೆರೆ ಕಡೆಯವರು. ನಮ್ಮಿಬ್ಬರ ಮಾತು ಕನ್ನಡದಲ್ಲೇ. ನನ್ನ ಕುಂದಾಪುರದ ಕನ್ನಡ ಕೇಳಿ ಅವರು ನಗುತ್ತಾರೆ, ಅವರದನ್ನು ಕೇಳಿ ನಾನು. ಅವರ ಕೆಲಸ ಬೀಟಾ ಥಲಸ್ಸೀಮಿಯಾ ಮೇಲೆ, ಅಂದರೆ ಜೀನಿನ ಮೂಲಕ ಮಕ್ಕಳಿಗೆ ಬರುವ ಒಂದು ರಕ್ತದ ಕಾಯಿಲೆ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಇಬ್ಬರಲ್ಲೂ ಆ ಜೀನಿನ ಒಂದೊಂದು ಪ್ರತಿ ಕೆಟ್ಟಿರುತ್ತದೆ. ಎರಡೂ ಕೆಟ್ಟ ಪ್ರತಿಗಳು ಮಗುವಿಗೆ ಬಂದರೆ, ಆ ಮಗುವಿಗೆ ಕೆಲವೇ ವಾರಗಳಿಗೊಮ್ಮೆ ರಕ್ತ ಕೊಡುತ್ತಲೇ ಇರಬೇಕು. ಹಾಗೆ ಹುಟ್ಟುವ ಸಾಧ್ಯತೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು.

ಲೆಕ್ಕಕ್ಕೆ ಕೂತಾಗ ಮೊದಲು ಎದುರಾಗುವುದು ಹೆಸರಿನ ಗೋಳು. ನಮ್ಮ ಕಡೆ ಊರ ಹೆಸರು, ಅಪ್ಪನ ಹೆಸರು, ಆಮೇಲೆ ನಮ್ಮ ಹೆಸರು. ಮೇಡಂ ಶುರುವಿನಲ್ಲಿ ಎರಡು ಇನಿಷಿಯಲ್ ಹಾಕಿ ಬರೆಯುತ್ತಿದ್ದರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು. ಅಲ್ಲಿಂದ ಮುಂದೆ ವಿದೇಶಿ ಜರ್ನಲ್‌ಗಳಲ್ಲಿ ಅವರ ಊರೇ ಸರ್‌ನೇಮ್ ಆಗಿ ಕೂತಿದೆ. ಮದುವೆಯಾದ ಮೇಲೆ ಒಂದೆರಡು ಕಡೆ ಗಂಡನ ಮನೆ ಹೆಸರು. ಡೇಟಾಬೇಸ್ ಕಣ್ಣಿಗೆ ಇವರು ಮೂರು ಜನ. ಮೂವರ ಎಚ್ ಇಂಡೆಕ್ಸೂ ಬೇರೆ ಬೇರೆ, ಮೂರೂ ಸಣ್ಣದು.

"ಬಿಡಿ ಶೆಟ್ರೇ, ನಮ್ಮೂರಿಗಾದ್ರೂ ಸೈಟೇಷನ್ ಬಂತಲ್ಲ," ಅಂದರು ಮೇಡಂ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ಆರ್ಕಿಡ್ (ORCID) ಅಂತ ಸಂಶೋಧಕರಿಗೆ ಒಂದು ನಂಬರ್ 2012ರಿಂದ ಸಿಗುತ್ತಿದೆ. ಹೆಸರು ಹೇಗೇ ಬರೆದರೂ ನಂಬರ್ ಒಂದೇ. ಆದರೆ ಅದಕ್ಕಿಂತ ಹಿಂದಿನ ಪೇಪರುಗಳನ್ನು ಯಾರಾದರೂ ಕೂತು ಜೋಡಿಸಬೇಕಲ್ವಾ? ಆ ಯಾರಾದರೂ ಅಂದರೆ ನಾನೇ. ಹೊಸ ಹುಡುಗರಿಗೆ ನಾನು ಮೊದಲ ದಿನವೇ ಹೇಳುತ್ತೇನೆ. ಮೊದಲ ಪೇಪರಿಗೆ ಮುಂಚೆ ನಿಮ್ಮ ಹೆಸರು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಜೀನ್ ಹುಡುಕಿ.

ಎಚ್ ಇಂಡೆಕ್ಸ್ ಗೊತ್ತಿಲ್ಲದವರಿಗೆ ಒಂದು ಮಾತು. 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಮಾಡಿದ್ದು. ನಿಮ್ಮ 12 ಪೇಪರುಗಳನ್ನು ಬೇರೆಯವರು ತಲಾ 12 ಸಲವಾದರೂ ಉಲ್ಲೇಖಿಸಿದ್ದರೆ ನಿಮ್ಮ ಎಚ್ 12. ಒಂದೇ ಒಂದು ಪೇಪರ್ ಬರೆದು ಅದು ಜಗತ್ತನ್ನೇ ಬದಲಾಯಿಸಿದರೆ? ಆಗ ನಿಮ್ಮ ಎಚ್ 1. ಅಷ್ಟೇ.

ಸೈಟೇಷನ್ ಎಣಿಸುವ ಈ ಕೆಲಸ ಬೆಳೆದದ್ದೇ ಜೆನೆಟಿಕ್ಸ್ ತೊಡೆಯ ಮೇಲೆ. ಯಾವ ಪೇಪರನ್ನು ಯಾರು ಉಲ್ಲೇಖಿಸಿದರು ಅಂತ ಪಟ್ಟಿ ಮಾಡುವ ಯೋಚನೆಯನ್ನು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಮುಂದಿಟ್ಟರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹುರುಪು ಕೊಟ್ಟವರು ಜೋಶುವಾ ಲೆಡರ್‌ಬರ್ಗ್, ಬ್ಯಾಕ್ಟೀರಿಯಾ ಜೆನೆಟಿಕ್ಸ್‌ಗೆ 1958ರಲ್ಲಿ ನೊಬೆಲ್ ಪಡೆದವರು. ಗಾರ್ಫೀಲ್ಡ್ ಪ್ರಯೋಗಕ್ಕೆ ಅಂತ ಮೊದಲು ಮಾಡಿದ್ದು ಜೆನೆಟಿಕ್ಸ್ ಸೈಟೇಷನ್ ಇಂಡೆಕ್ಸ್, 1963ರಲ್ಲಿ. ಮರುವರ್ಷ ಸೈನ್ಸ್ ಸೈಟೇಷನ್ ಇಂಡೆಕ್ಸ್ ಬಂತು. ಅದರ ಹಳೇ ಸಂಪುಟಗಳು ನಮ್ಮ ಕೆಳಗಿನ ಕೋಣೆಯಲ್ಲಿ ಇನ್ನೂ ಇವೆ. ಅಕ್ಷರ ಎಷ್ಟು ಸಣ್ಣದು ಅಂದರೆ ಭೂತಗನ್ನಡಿ ಬೇಕು. ಗಾರ್ಫೀಲ್ಡ್‌ಗೆ ಇದ್ದ ಆಸೆ ಮಾರ್ಕು ಕೊಡುವುದಲ್ಲ. ಒಂದು ಯೋಚನೆ ಯಾರಿಂದ ಯಾರಿಗೆ ಹೋಯಿತು ಅಂತ ಹುಡುಕಲು ಒಂದು ದಾರಿ ಬೇಕಿತ್ತು. ಮಾರ್ಕು ಕೊಡುವುದನ್ನು ಶುರು ಮಾಡಿದ್ದು ಆಮೇಲಿನವರು.

ನನಗೆ ಈ ಲೆಕ್ಕದ ಮೇಲೆ ಸಿಟ್ಟಿಲ್ಲ. ಹೊಟ್ಟೆಪಾಡೇ ಅದು. ಆದರೆ ಅದು ಅಳೆಯುವುದು ಪೇಪರ್ ಬರೆಯುವವರಿಗೆ ಯಾವುದು ಬೇಕಾಯಿತು ಅನ್ನುವುದನ್ನು ಮಾತ್ರ. ಪೇಪರ್ ಬರೆಯದವರು ಏನು ಬಳಸಿದರು ಅನ್ನುವುದು ಅದರಲ್ಲಿ ಬರುವುದಿಲ್ಲ. ಜೆನೆಟಿಕ್ಸ್‌ನಂಥ ವಿಷಯದಲ್ಲಿ ಇದು ಸಣ್ಣ ಕೊರತೆಯಲ್ಲ.

ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಇಲ್ಲಿ ಬಂದು ಇಷ್ಟು ವರ್ಷ ಆದ ಮೇಲೆ ಮುಂಬೈ ನಮ್ಮೂರೇ. 1952ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡೇ ಪುಟದ ಒಂದು ಲೇಖನ. ಬಾಂಬೆಯಿಂದ ವೈ. ಎಂ. ಭೆಂಡೆ, ಸಿ. ಕೆ. ದೇಶಪಾಂಡೆ, ಎಚ್. ಎಂ. ಭಾಟಿಯಾ. ಲಂಡನ್ನಿನಿಂದ ರೂತ್ ಸ್ಯಾಂಗರ್, ರಾಬರ್ಟ್ ರೇಸ್, ವಾಲ್ಟರ್ ಮಾರ್ಗನ್, ವಿನಿಫ್ರೆಡ್ ವಾಟ್ಕಿನ್ಸ್. ನಾವು ಇವತ್ತು ಬಾಂಬೆ ಬ್ಲಡ್ ಗ್ರೂಪ್ ಅನ್ನುವುದು ಜಗತ್ತಿಗೆ ಗೊತ್ತಾದದ್ದು ಅಲ್ಲಿ.

ಸಂಗತಿ ಇಷ್ಟು. ನಮ್ಮ ಕೆಂಪು ರಕ್ತಕಣದ ಮೇಲೆ ಎಚ್ ಅಂತ ಒಂದು ಸಕ್ಕರೆಯ ಸರಪಳಿ ಇರುತ್ತದೆ (ಇಂಡೆಕ್ಸಿನ ಎಚ್ ಬೇರೆ). ಎ ಗುಂಪಿನವರಲ್ಲಿ ಅದಕ್ಕೆ ಇನ್ನೊಂದು ಸಕ್ಕರೆ ಸೇರಿಕೊಳ್ಳುತ್ತದೆ, ಬಿ ಗುಂಪಿನವರಲ್ಲಿ ಮತ್ತೊಂದು. ಓ ಗುಂಪಿನವರಲ್ಲಿ ಏನೂ ಸೇರದೆ ಬರೀ ಎಚ್ ಉಳಿಯುತ್ತದೆ. ಕೆಲವೇ ಕೆಲವರಲ್ಲಿ ಆ ಎಚ್ ಕೂಡ ಇರುವುದಿಲ್ಲ. ಅದನ್ನು ಮಾಡುವ ಜೀನಿನ ಎರಡೂ ಪ್ರತಿ ಕೆಟ್ಟಿರುತ್ತವೆ. ಅಂಥವರಲ್ಲಿ ಎ, ಬಿ ಜೀನು ಸರಿಯಾಗಿದ್ದರೂ ಪ್ರಯೋಜನವಿಲ್ಲ, ಕೂರಲು ಜಾಗವೇ ಇಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಓ ಅಂತಲೇ ಕಾಣುತ್ತದೆ. ಓ ರಕ್ತ ಹಾಕಿದರೆ ಮಾತ್ರ ಪ್ರಾಣಕ್ಕೇ ಕುತ್ತು. ಅವರ ಮೈಯಲ್ಲಿ ಎಚ್‌ಗೆ ಎದುರು ನಿಲ್ಲುವ ಆಂಟಿಬಾಡಿ ಇರುತ್ತದೆ, ಓ ರಕ್ತದ ತುಂಬ ಎಚ್. ಅವರಿಗೆ ಅವರಂಥವರದೇ ರಕ್ತ ಆಗಬೇಕು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಅಂತ ಹೇಳುತ್ತಾರೆ. ಜೀನಿನಲ್ಲಿ ಎಲ್ಲಿ ಕೆಟ್ಟಿದೆ ಅನ್ನುವುದು 1994ರಲ್ಲಿ ಗೊತ್ತಾಯಿತು. ಅಂದರೆ ಸಕ್ಕರೆ ಕಾಣೆಯಾದದ್ದನ್ನು ಮೊದಲು ಕಂಡು, ಕಾರಣ ಹಿಡಿಯಲು ನಲವತ್ತು ವರ್ಷ.

ಈಗ ಆ ಎರಡು ಪುಟದ ಪ್ರಭಾವವನ್ನು ಎಣಿಸಿ ನೋಡೋಣ ಅನ್ನಿ. ಪೇಪರಿನ ಸೈಟೇಷನ್ ಕಡಿಮೆ ಏನಲ್ಲ. ಆದರೆ ಪರೇಲ್‌ನ ಒಂದು ಬ್ಲಡ್ ಬ್ಯಾಂಕಿನಲ್ಲಿ ರಾತ್ರಿ ಪಾಳಿಯ ಟೆಕ್ನಿಷಿಯನ್, ಓ ಅಂತ ಬಂದ ಸ್ಯಾಂಪಲ್ ಓ ದಾನಿಗಳ ಜೊತೆಗೂ ಹೊಂದುತ್ತಿಲ್ಲ ಅಂತ ಅನುಮಾನಪಟ್ಟು ಎಚ್ ಇದೆಯೇ ಅಂತ ತೋರಿಸುವ ಆಂಟಿ ಎಚ್ ಹಾಕಿ ನೋಡುತ್ತಾನಲ್ಲ, ಅವನು ಯಾವ ಜರ್ನಲ್‌ನಲ್ಲಿ ಭೆಂಡೆಯವರನ್ನು ಉಲ್ಲೇಖಿಸಬೇಕು? ಅವನಿಗೆ ಭೆಂಡೆ ಹೆಸರೂ ಗೊತ್ತಿರಲಿಕ್ಕಿಲ್ಲ. ಪಠ್ಯಪುಸ್ತಕದಲ್ಲಿ ಒಂದು ಜೀನು ಇನ್ನೊಂದನ್ನು ಅಡಗಿಸುವುದಕ್ಕೆ ಉದಾಹರಣೆಯಾಗಿ ಈ ಗುಂಪನ್ನು ಓದಿರುತ್ತಾನೆ, ಅಷ್ಟೇ. ಹೊಸ ಸಂಶೋಧಕರೂ ಬಾಂಬೆ ಗ್ರೂಪ್ ಅಂತ ಬರೆದು ಕೆಳಗೆ ಮೊನ್ನೆ ಬಂದ ಯಾವುದೋ ರಿವ್ಯೂ ಲೇಖನದ ಹೆಸರು ಹಾಕುತ್ತಾರೆ. ಒಂದು ಕೆಲಸ ಎಲ್ಲರಿಗೂ ಸೇರಿದ ತಿಳಿವಳಿಕೆ ಆಗಿಬಿಟ್ಟರೆ ಅದರ ಮೂಲ ಕಾಣೆಯಾಗುತ್ತದೆ ಅಂತ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಬಹಳ ಹಿಂದೆಯೇ ಹೇಳಿದ್ದರು.

ಮರೆತ ಮೇಲೂ ಸೈಟೇಷನ್ ಏರುವ ಜಾತಿ ಒಂದಿದೆ. ಅದು ವಿಧಾನದ ಪೇಪರ್. ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಲೌರಿಯವರ 1951ರ ಪೇಪರಿಗೆ 3 ಲಕ್ಷಕ್ಕೂ ಜಾಸ್ತಿ ಸೈಟೇಷನ್. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ 100 ಪೇಪರುಗಳ ಪಟ್ಟಿ ಮಾಡಿದಾಗ ಅದೇ ಮೊದಲನೆಯದು. ಡಿಎನ್ಎ ಓದುವ ಫ್ರೆಡರಿಕ್ ಸ್ಯಾಂಗರ್ ವಿಧಾನದ 1977ರ ಪೇಪರ್ ನಾಲ್ಕನೆಯದು. ಡಿಎನ್ಎ ರಚನೆ ಹೇಳಿದ ವಾಟ್ಸನ್, ಕ್ರಿಕ್ ಅವರ 1953ರ ಡಬಲ್ ಹೆಲಿಕ್ಸ್ ಪೇಪರ್ ಆ ನೂರರಲ್ಲಿ ಇರಲೇ ಇಲ್ಲ. ನಮ್ಮ ಕಮಿಟಿಯ ಮುಂದೆ ಕೂತಿದ್ದರೆ ಲೌರಿಗೆ ಪ್ರಮೋಷನ್, ಉಳಿದ ಇಬ್ಬರಿಗೆ ಮುಂದಿನ ವರ್ಷ ಬನ್ನಿ.

ಇನ್ನು ಉಲ್ಲೇಖಿಸಿದವರೆಲ್ಲ ಓದಿಯೇ ಉಲ್ಲೇಖಿಸಿದರೇ? ಪೇಪರಿನ ಕೊನೆಯ ಪಟ್ಟಿಯಲ್ಲಿ ಪುಟಸಂಖ್ಯೆ ತಪ್ಪಾಗಿ ಅಚ್ಚಾದರೆ ಅದೇ ತಪ್ಪು ಹತ್ತಾರು ಪೇಪರುಗಳಲ್ಲಿ ಮುಂದುವರಿಯುತ್ತದೆ. ಸಿಮ್‌ಕಿನ್ ಮತ್ತು ರಾಯ್‌ಚೌಧರಿ ಎಂಬ ಇಬ್ಬರು 2003ರಲ್ಲಿ ಇಂಥ ತಪ್ಪುಗಳ ಜಾಡು ಹಿಡಿದು ಲೆಕ್ಕ ಹಾಕಿದರು. ಮೂಲ ಓದಿದವರು ನೂರಕ್ಕೆ ಇಪ್ಪತ್ತರಷ್ಟೇ ಇರಬೇಕು ಅಂದರು. ನನಗೆ ಆಶ್ಚರ್ಯ ಆಗಲಿಲ್ಲ.

ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳ ಕಥೆ ಬೇರೆ. ನಮ್ಮ ಪಕ್ಕದ ಪುಣೆಯ ಭೂಷಣ್ ಪಟವರ್ಧನ್ ಮತ್ತು ಜೊತೆಗಾರರು 2018ರ ಕರೆಂಟ್ ಸೈನ್ಸ್‌ನಲ್ಲಿ ಯುಜಿಸಿ ಒಪ್ಪಿದ್ದ ಪಟ್ಟಿಯನ್ನೇ ಜರಡಿ ಹಿಡಿದರು. ವಿಶ್ವವಿದ್ಯಾಲಯಗಳ ಸಲಹೆಯಿಂದ ಆ ಪಟ್ಟಿ ಸೇರಿದ್ದ ಜರ್ನಲ್‌ಗಳಲ್ಲಿ ಅವರು ಆಯ್ದು ನೋಡಿದವುಗಳ ಪೈಕಿ ಶೇಕಡಾ 88ಕ್ಕೂ ಹೆಚ್ಚು ಕಳಪೆ ಇರಬಹುದು ಅಂತ ಬಂತು. ಆ ತಂಡದಲ್ಲಿ ಹಣ್ಣಿನ ನೊಣದ ಜೆನೆಟಿಕ್ಸ್‌ನಲ್ಲಿ ಹೆಸರಾದ ಬನಾರಸಿನ ಎಸ್. ಸಿ. ಲಖೋಟಿಯಾ ಕೂಡ ಇದ್ದರು. ಹಾಗಾಗಿ ಸುಮ್ನೆ ಪೇಪರ್ ಎಣಿಸುವುದಕ್ಕಿಂತ ಸೈಟೇಷನ್ ಎಣಿಸುವುದು ಎಷ್ಟೋ ವಾಸಿ. ಇದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಲೆಕ್ಕವೇ ಬೇಡ ಅನ್ನುವವನು ಅಂದುಕೊಂಡೀರಿ.

ಮೇಡಂ ಫೈಲಿಗೆ ಬರೋಣ. ಮೂರು ಹೆಸರು ಸೇರಿಸಿದ ಮೇಲೆ ಎಚ್ ಇಂಡೆಕ್ಸ್ ಸುಧಾರಿಸಿತು. ಜಾಸ್ತಿ ಸೈಟೇಷನ್ ಇದ್ದ ಪೇಪರ್ ಯಾವುದು ಗೊತ್ತೇ? ವಿದೇಶದ ದೊಡ್ಡ ತಂಡವೊಂದರದು. ಲೇಖಕರ ಪಟ್ಟಿಯೇ ಒಂದು ಪುಟ, ಮೇಡಂ ಹೆಸರು ನಡುವೆ ಎಲ್ಲೋ. ಕೆಲವು ಸ್ಯಾಂಪಲ್ ಕಳಿಸಿದ್ದರಂತೆ. "ಅದನ್ನ ಮೇಲೆ ಹಾಕ್ಬೇಡಿ, ನಾಚಿಕೆ ಆಗ್ತದೆ," ಅಂದರು.

ಅವರು ತೋರಿಸಿದ್ದು ಬೇರೆಯದು. ಅವರದೇ ಹಳೆಯ ಪೇಪರ್. ಯಾವ ಸಮುದಾಯದಲ್ಲಿ ಥಲಸ್ಸೀಮಿಯಾದ ಯಾವ ಮ್ಯುಟೇಷನ್ (ಜೀನು ಕೆಟ್ಟಿರುವ ಬಗೆ) ಜಾಸ್ತಿ ಅನ್ನುವ ಕೋಷ್ಟಕ. ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಸಾಮಾನ್ಯ ಐವಿಎಸ್ 1-5 ಎಂಬುದು. ಸಿಂಧಿಗಳಲ್ಲಿ ಡಿಎನ್ಎಯ 619 ಅಕ್ಷರಗಳ ಒಂದು ತುಂಡೇ ಹಾರಿಹೋಗಿರುವುದೂ ಸಾಕಷ್ಟು ಸಿಗುತ್ತದೆ. ಸಿಂಧಿಗಳು ಹೆಚ್ಚಿರುವ ಉಲ್ಲಾಸನಗರದಿಂದ ಒಂದು ಜೋಡಿ ಬಂದರೆ ಯಾವುದನ್ನು ಮೊದಲು ಹುಡುಕಬೇಕು ಅನ್ನುವುದು ಇಂಥ ಕೋಷ್ಟಕ ಇದ್ದರೆ ಗೊತ್ತಾಗುತ್ತದೆ. ಬಸಿರಿಗೆ ಹತ್ತು ಹನ್ನೊಂದು ವಾರ ಆಗಿರುತ್ತದೆ, ಉತ್ತರ ಬೇಗ ಬೇಕು. ಆ ಪೇಪರಿನ ಸೈಟೇಷನ್ ಎರಡಂಕಿ ದಾಟಿಲ್ಲ. ಅದರ ಝೆರಾಕ್ಸ್ ಪ್ರತಿ ಮಾತ್ರ ಲ್ಯಾಬಿನ ಗೋಡೆಗೆ ಅಂಟಿಸಿದೆ. ಅಂಚು ಹಳದಿಯಾಗಿದೆ, ಪೆನ್ನಿನಲ್ಲಿ ಹೊಸ ಮ್ಯುಟೇಷನ್‌ಗಳನ್ನು ಸೇರಿಸಿದ್ದಾರೆ.

ಅದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ. ಸಂಖ್ಯೆಯ ಬದಲು ಕೆಲಸವನ್ನೇ ಓದಿ ಅಳೆಯಿರಿ ಅನ್ನುವ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ 2012ರಿಂದ ಇದೆ. ನಮ್ಮ ಕಮಿಟಿಯವರಿಗೂ ಅದು ಗೊತ್ತು. ಓದಲು ಪುರುಸೊತ್ತು ಇಲ್ಲ ಅನ್ನುತ್ತಾರೆ.

ಹಾಗಾಗಿ ಈ ವರ್ಷ ಸರ್ಟಿಫಿಕೇಟಿನ ಹಿಂದೆ ನಾನೇ ಒಂದು ಅನೆಕ್ಸರ್ ಸೇರಿಸಿದೆ. ಮೇಡಂ ಅವರ ಐದು ಪೇಪರ್ ಆಯ್ದು, ಅವನ್ನು ಉಲ್ಲೇಖಿಸಿದವರು ಯಾವ ವಾಕ್ಯದಲ್ಲಿ, ಯಾತಕ್ಕೆ ಉಲ್ಲೇಖಿಸಿದ್ದಾರೆ ಅಂತ ಓದಿ ಟೈಪ್ ಮಾಡಿದೆ. ಕೆಲವರು ಸುಮ್ನೆ ಹೆಸರು ಹೇಳಿ ಹೋಗಿದ್ದರು. ಒಬ್ಬರು ಫಲಿತಾಂಶವನ್ನು ತಿರುಚಿದ್ದರು, ಅದನ್ನೂ ಹಾಕಿದೆ. ಕೊನೆಯಲ್ಲಿ ಗೋಡೆಯ ಕೋಷ್ಟಕದ ಬಗ್ಗೆ ನಾಲ್ಕು ಸಾಲು, ಜೊತೆಗೆ ಫೋಟೋ. ಆಫೀಸಿನ ಗುಮಾಸ್ತರು ಇದು ಫಾರ್ಮ್ಯಾಟ್‌ನಲ್ಲಿ ಇಲ್ಲವಲ್ಲ ಅಂದರು. ಇರಲಿ ಬಿಡಿ, ಪುಟಸಂಖ್ಯೆ ಹಾಕಿದ್ದೇನೆ ಅಂದೆ. ಫೈಲು ಮೇಲೆ ಹೋಗಿದೆ. ಬೇರೆ ವಿಭಾಗದ ಇಬ್ಬರು ಆಗಲೇ ಬಂದು, ನಮಗೂ ಆ ಥರದ್ದೇ ಒಂದು ಮಾಡಿಕೊಡಿ ಅಂತ ಕೇಳುತ್ತಿದ್ದಾರೆ. ನಿಮ್ಮ ಐದು ಪೇಪರ್ ಯಾವುದು ಅಂತ ನೀವೇ ಆಯ್ದು ಕೊಡಿ ಅಂದೆ. ಇನ್ನೂ ಯಾರೂ ಕೊಟ್ಟಿಲ್ಲ.