ಹಸಿರು ಮುಚ್ಚಳದ ಟ್ಯೂಬು

"ಬೆಳಗ್ಗೆಯಿಂದ ಏನಾದ್ರೂ ತಗೊಂಡಿದೀರಾ ಸರ್?"

"ಇಲ್ಲ, ನೀರು ಅಷ್ಟೆ."

ಮೈಸೂರಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿ ಕೇಳಿದ್ದಕ್ಕೆ ಅಕ್ಕನ ಮಗ ಕಣ್ಣು ಮಿಟುಕಿಸದೆ ಹೇಳಿದ. ಪ್ರೋಟೀನ್ ಒಡೆದು ಬರುವ ಅಮೈನೋ ಆಮ್ಲಗಳು ರಕ್ತದಲ್ಲಿ ಎಷ್ಟಿವೆ ಅಂತ ನೋಡುವ ಟೆಸ್ಟು ಅದು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಅವನ ಶೇಕರ್ ಡಬ್ಬ ಕೆಳಗೆ ನನ್ನ ಕಾರಿನಲ್ಲಿತ್ತು, ತಳದಲ್ಲಿ ಚಾಕೊಲೇಟ್ ನೊರೆ ಇನ್ನೂ ಆರಿರಲಿಲ್ಲ. ಮಂಡ್ಯದಿಂದ ಬರುವಾಗ ಶ್ರೀರಂಗಪಟ್ಟಣದ ಹತ್ರ ಕಾರು ನಿಲ್ಲಿಸಿ ಅಂದಿದ್ದ. ಎರಡು ಸ್ಕೂಪು ವೇ ಪ್ರೋಟೀನ್ ಕಲಕಿ ಗಟಗಟ ಕುಡಿದ. ಕುಡಿದ ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದಲ್ಲಿ ಅಮೈನೋ ಆಮ್ಲ ಜಾಸ್ತಿ ಇರುತ್ತಂತೆ. ಹುಡುಗ ಲೆಕ್ಕ ಹಾಕಿಯೇ ಬಂದಿದ್ದ.

ಪೌಡರಿಗೆ ತಿಂಗಳಿಗೆ ಮೂರು ಸಾವಿರ ಹೋಗುತ್ತೆ. ಅದು "ಕೆಲಸ ಮಾಡ್ತಿದೆ" ಅಂತ ಅವನು ಅಮ್ಮನಿಗೆ ತೋರಿಸಬೇಕಿತ್ತು. ಅಕ್ಕನದು ಒಂದೇ ಮಾತು: "ಅದೇನ್ ರಕ್ತ ನೋಡ್ಸೋದು, ಮುದ್ದೆ ಉಣ್ಣು ಅಂತ ಹೇಳು ಅವ್ನಿಗೆ." ಅಕ್ಕನಿಗೆ ಹಠ ಜಾಸ್ತಿ, ಆದರೆ ಈ ವಿಷಯದಲ್ಲಿ ತಪ್ಪೇನಿಲ್ಲ. ಧಾನ್ಯದಲ್ಲಿ ಕಮ್ಮಿ ಇರುವ ಲೈಸಿನ್ ಅನ್ನೋ ಅಮೈನೋ ಆಮ್ಲ ಹುರುಳಿಕಾಳಿನ ಸಾರಿನಲ್ಲಿ ಬರುತ್ತೆ, ಕಾಳಿನಲ್ಲಿ ಕಮ್ಮಿ ಇರುವ ಮೆಥಿಯೊನಿನ್ ಅನ್ನೋ ಇನ್ನೊಂದು ರಾಗಿಯಲ್ಲಿ ಸಿಗುತ್ತೆ.

ಆ ಹುಡುಗಿ ಹಸಿರು ಮುಚ್ಚಳದ ಟ್ಯೂಬಿಗೆ ರಕ್ತ ತುಂಬಿ, ನಾಲ್ಕೈದು ಸಲ ನಿಧಾನಕ್ಕೆ ಮೇಲೆ ಕೆಳಗೆ ಮಾಡಿ, ಐಸ್ ಮೇಲಿಟ್ಟಳು. ಬೇಗ ಪ್ಲಾಸ್ಮಾ, ಅಂದರೆ ರಕ್ತದ ತಿಳಿ ಭಾಗ, ಬೇರೆ ಮಾಡಬೇಕಂತೆ. ಕೆಂಪು ಕಣ ಒಡೆದು ಒಳಗಿನದು ಬೆರೆತರೆ ಲೆಕ್ಕ ಕೆಡುತ್ತೆ. "ಈ ಟೆಸ್ಟಿಗೆ ದೊಡ್ಡೋರು ಬರೋದೇ ಅಪರೂಪ ಸರ್, ಜಾಸ್ತಿ ಪುಟ್ಟ ಮಕ್ಕಳದ್ದೇ" ಅಂದಳು. ಹೊರಗೆ ಬೆಂಚಿನ ಮೇಲೆ ಒಬ್ಬ ತಾಯಿ ಎರಡು ತಿಂಗಳ ಕೂಸನ್ನು ತೊಡೆ ಮೇಲೆ ಮಲಗಿಸಿಕೊಂಡಿದ್ದಳು. ಕೆಲವು ಮಕ್ಕಳಲ್ಲಿ ಫಿನೈಲಾಲನಿನ್ ಅನ್ನೋ ಅಮೈನೋ ಆಮ್ಲ ಮೈಯಲ್ಲಿ ಒಡೆಯದೆ ರಕ್ತದಲ್ಲಿ ಏರುತ್ತಾ ಹೋಗಿ ಮಿದುಳನ್ನೇ ಕೆಡಿಸುತ್ತೆ. ಬೇಗ ಗೊತ್ತಾದರೆ ಊಟ ಬದಲಿಸಿ ಮಗುವನ್ನು ಉಳಿಸಿಕೊಳ್ಳಬಹುದು. ಆ ತಾಯಿ ನಂಬರು ಕಮ್ಮಿ ಬರಲಿ ಅಂತ ಕಾಯುತ್ತಿದ್ದಳು. ನಮ್ಮವನಿಗೆ ಜಾಸ್ತಿ ಬರಬೇಕು.

ಬಿಎಸ್ಸಿಯಲ್ಲಿದ್ದಾಗ, ಅಮೈನೋ ಆಮ್ಲ ಸಿಕ್ಕರೆ ನೇರಳೆಯಾಗುವ ನಿನ್‌ಹೈಡ್ರಿನ್ ಅನ್ನೋ ರಾಸಾಯನಿಕ ತಗುಲಿ ನನ್ನ ಬೆರಳು ಎರಡು ದಿನ ನೇರಳೆಯಾಗಿತ್ತು. ಚರ್ಮದ ಮೇಲಿನ ಬೆವರಲ್ಲೂ ಅಮೈನೋ ಆಮ್ಲ ಇರುತ್ತಲ್ಲ, ಅದಕ್ಕೆ. 1958ರಲ್ಲಿ ಸ್ಪ್ಯಾಕ್‌ಮನ್, ಸ್ಟೀನ್, ಮೂರ್ ಮೂವರೂ ಸೇರಿ ಮಾಡಿದ ಯಂತ್ರ ಇದೇ ನೇರಳೆ ಎಷ್ಟು ಗಾಢ ಅಂತ ನೋಡಿ ಒಂದೊಂದನ್ನೂ ಅಳೆಯುತ್ತಿತ್ತು. ಸ್ಟೀನ್ ಮತ್ತು ಮೂರ್‌ಗೆ ಮುಂದೆ 1972ರಲ್ಲಿ ನೊಬೆಲ್ ಬಂತು. ಅಷ್ಟು ನಾಜೂಕಾಗಿ ಅಳೆಯೋದನ್ನ ಕಲಿತದ್ದು ಸುಳ್ಳು ಹೇಳಿ ಪಾಸಾಗೋಕಲ್ಲ ಅಲ್ವಾ?

ಮೊನ್ನೆ ರಿಪೋರ್ಟು ಬಂತು. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನೋ ಮೂರು ಅಮೈನೋ ಆಮ್ಲಗಳ ಮುಂದೂ ದಪ್ಪಕ್ಷರದಲ್ಲಿ "ಹೈ". ಹುಡುಗ ಅದರ ಫೋಟೋ ತೆಗೆದು ಸ್ಟೇಟಸ್ ಹಾಕಿಕೊಂಡಿದ್ದಾನೆ! ಬೆಳಗ್ಗೆ ಎಂಟಕ್ಕೆ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ತಲೆ ಎಣಿಸಿದರೆ ಮೈಸೂರಿಗೆ ಎಷ್ಟು ಜನ ಬಂದಿಳಿದರು ಅಂತ ಗೊತ್ತಾಗಬಹುದು, ಎಷ್ಟು ಜನ ಇಲ್ಲೇ ಮನೆ ಮಾಡಿದರು ಅಂತಲ್ಲ. ರಕ್ತಕ್ಕೆ ಬಂದದ್ದೆಲ್ಲ ತೋಳಾಗಲ್ಲ ಕಣೋ ಅಂದೆ. ಮೂರ್ನಾಲ್ಕು ಗಂಟೆ ಬಿಟ್ಟು ರಕ್ತ ಕೊಟ್ಟಿದ್ರೆ ಇದೆಲ್ಲ ಇಳಿದಿರೋದು ಅಂತಲೂ ಹೇಳಿದೆ.

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ ಮಾವ?" ಅಂದ.

ಅದೇ ಈಗ ತಲೆಯಲ್ಲಿ ಕೂತಿರೋದು. ಲ್ಯಾಬಿನ ಹುಡುಗಿ ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ಅವನದು ಹುಡುಗಾಟ ಅನ್ನೋಣ. ನಾನೇನು ಕಮ್ಮಿ? ಶುಗರ್ ಟೆಸ್ಟಿಗೆ ಮೂರು ದಿನ ಇದೆ ಅಂದರೆ ಅನ್ನ ಬಿಡುತ್ತೇನೆ, ಕಾಫಿಗೆ ಸಕ್ಕರೆ ಬಿಡುತ್ತೇನೆ, ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ. ರಿಪೋರ್ಟು ನಾರ್ಮಲ್ ಬಂದ ದಿನ ಮನೆಗೆ ಮೈಸೂರ್ ಪಾಕ್ ತರುತ್ತೇನೆ. ಡಾಕ್ಟರಿಗೆ ಯಾವಾಗಲೋ ಗೊತ್ತಾಗಿರಬೇಕು. ಈ ಸಲ ಚೀಟಿಯಲ್ಲಿ ಎಚ್‌ಬಿಎ1ಸಿ ಬರೆದಿದ್ದಾರೆ, ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಳೋ ಟೆಸ್ಟು.

ಶನಿವಾರ ಅದೇ ಲ್ಯಾಬಿಗೆ ಹೋಗಬೇಕು. ಆ ಹುಡುಗಿ ಇದ್ದರೆ ಮತ್ತೆ ಅದೇ ಕೇಳುತ್ತಾಳೆ.