ಅವ್ವನ ಹೆಬ್ಬೆರಳು

ಇವತ್ತು ರೇಷನ್ ಅಂಗಡಿಯಲ್ಲಿ ಅವ್ವನ ಹೆಬ್ಬೆರಳನ್ನು ಮಷಿನ್ ತಗೊಳ್ಳಲೇ ಇಲ್ಲ. ಸೆರಗಿಗೆ ತಿಕ್ಕಿ ಇಟ್ಟಳು. ಊಹೂಂ. ಹತ್ತೂ ಬೆರಳು ಆಯಿತು.

"ಗೆರಿನ ಇಲ್ಲಲ್ಲ ಯಮ್ಮಾ" ಅಂದ ಅಂಗಡಿ ಹುಡುಗ.

ಎಲ್ಲಿಂದ ಇರಬೇಕು? ಅರವತ್ತು ವರ್ಷ ಮೆಣಸಿನಕಾಯಿ ತೊಟ್ಟು ಮುರಿದ ಬೆರಳು. ಹತ್ತಿ ಬಿಡಿಸಿದ್ದು, ಕಾದ ಹಂಚಿನ ಮೇಲೆ ಬರಿಗೈಲಿ ರೊಟ್ಟಿ ತಿರುವಿದ್ದು ಬೇರೆ.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ. ಅನ್ನೋರು ಒಂದು ದಿನ ಕೂತು ಬಿಡಿಸಿ ನೋಡಲಿ! ಸುಗ್ಗಿ ದಿನಗಳಲ್ಲಿ ನಾವು ಅತ್ತರೆ ಅವ್ವ ಬೆರಳು ಮುಟ್ಟಿಸುತ್ತಿರಲಿಲ್ಲ, ಮೊಣಕೈಯಿಂದ ಕಣ್ಣು ಒರೆಸುತ್ತಿದ್ದಳು.

ಕೊನೆಗೆ ನಾನೇ ಬೆರಳಿಟ್ಟೆ. ಒಂದೇ ಸಲಕ್ಕೆ ಆಯಿತು. ಅವ್ವ ಆ ಬೆರಳು ಹಿಡಿದು ನೋಡಿ, "ಎಷ್ಟ ಮೆತ್ತಗೈತಿ" ಅಂತ ನಕ್ಕಳು. ಅಕ್ಕಿ ಚೀಲ ತಾನೇ ಬಗಲಿಗೇರಿಸಿಕೊಂಡಳು.